ಗೌಡನಿಲ್ಲದ ಗೌಡತಿಯ ಪಾರ್ಟು

"ಎಂಟ ದಿನ! ಎಂಟ ದಿನದಾಗ ಸ್ಕ್ರಿಪ್ಟ್ ತಂದ ನೇತ್ರಾನ ಕೈಯಾಗ ಇಡ್ತೇನಿ. ಇಡಲಿಲ್ಲಂದ್ರ ನನ್ನ ರಾಯವ್ವ ಅಂತ ಕರೀಬ್ಯಾಡ್ರಿ!"

ಹೀಗೆಂದು ರಾಯವ್ವ ರೊಟ್ಟಿ ಬಡಿಯುತ್ತಿದ್ದ ಕೈಯನ್ನು ಹಲಗೆಯ ಮೇಲೆ ಅಪ್ಪಳಿಸಿದಳು. ಹಿಟ್ಟು ಎದ್ದು ಪಕ್ಕದಲ್ಲಿದ್ದ ಸೊಸೆ ಸುಜಾತಾಳ ಕಣ್ಣಿಗೆ ಹೋಯಿತು.

"ಅತ್ತಿ, ಸ್ಕ್ರಿಪ್ಟ್ ಅಂದ್ರ ಏನಂತ ಗೊತ್ತೈತೇನ್ರಿ ನಿಮಗ?" ಸುಜಾತಾ ಕಣ್ಣುಜ್ಜಿಕೊಳ್ಳುತ್ತ ಕೇಳಿದಳು.

ರಾಯವ್ವನಿಗೆ ಗೊತ್ತಿರಲಿಲ್ಲ. ಆದರೆ ಶಪಥ ಮಾಡಿಯಾಗಿತ್ತು! ಶಪಥ ಮಾಡಿದ ಮೇಲೆ ಅರ್ಥ ಕೇಳುತ್ತ ಕೂಡ್ರುವ ಹೆಂಗಸು ಆಕೆಯಲ್ಲ.

"ಸಿಕ್ಕ ಮ್ಯಾಲ ಗೊತ್ತಾಗ್ತೈತಿ. ನೀ ಮೊದಲ ರೊಟ್ಟಿ ಹೊಳ್ಳಿ ಹಾಕು."

ಈ ವೀರಾವೇಶದ ಹಿಂದೆ ಒಂದು ನೋವಿತ್ತು. ಹೋದ ವರ್ಷ ಆಗಸ್ಟ್ ಹದಿನೈದಕ್ಕೆ ಮೊಮ್ಮಗಳು ನೇತ್ರಾ ಶಾಲೆಯಲ್ಲಿ ಭಾಷಣಕ್ಕೆ ನಿಂತಿದ್ದಳು. "ಸನ್ಮಾನ್ಯ ಅಧ್ಯಕ್ಷರೇ" ಎಂದಳು. ಆಮೇಲೆ ಅಧ್ಯಕ್ಷರನ್ನೇ ನೋಡುತ್ತ ನಿಂತಳು. ಅಧ್ಯಕ್ಷರೂ ಅವಳನ್ನೇ ನೋಡುತ್ತ ಕುಳಿತರು. ಒಬ್ಬರನ್ನೊಬ್ಬರು ನೋಡುವುದು ಬಿಟ್ಟರೆ ಸಭೆಯಲ್ಲಿ ಬೇರೆ ಕಾರ್ಯಕ್ರಮವೇ ಉಳಿಯಲಿಲ್ಲ. ಕೊನೆಗೆ ಹುಡುಗಿ ಅಧ್ಯಕ್ಷರ ಮುಂದಿದ್ದ ನೀರಿನ ಗ್ಲಾಸು ಎತ್ತಿ ಗಟಗಟನೆ ಕುಡಿದು, ಖಾಲಿ ಗ್ಲಾಸನ್ನು ಅವರ ಕೈಗೇ ಕೊಟ್ಟು ವೇದಿಕೆ ಇಳಿದುಬಿಟ್ಟಳು. ಮೂಡಲಗಿಯ ಅರ್ಧ ಊರು ನಕ್ಕಿತು. ಅಂದಿನಿಂದ ನೇತ್ರಾಳ ದನಿ ಗಂಟಲಿನಲ್ಲೇ ಬಿಡಾರ ಹೂಡಿತು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಏಳುತ್ತಿರಲಿಲ್ಲ. ಅಂಗಡಿಗೆ ಕಳಿಸಿದರೆ ಚೀಟಿ ಬರೆದುಕೊಂಡು ಹೋಗಿ ಅಂಗಡಿಯವನ ಮುಂದೆ ಹಿಡಿಯುತ್ತಿದ್ದಳು.

ಈ ವರ್ಷ ಕಸ್ತೂರಿ ಟೀಚರ್ ಮನೆಗೇ ಬಂದರು. ಗೋಕಾಕದಲ್ಲಿ ಒಂದು ಸಂಘದವರು ಮಕ್ಕಳಿಗೆ ಏಕಪಾತ್ರಾಭಿನಯದ ಸ್ಪರ್ಧೆ ಇಟ್ಟಿದ್ದಾರೆ, ನೇತ್ರಾಳ ಹೆಸರು ಕೊಟ್ಟಿದ್ದೇನೆ ಎಂದರು.

"ಒಬ್ಬರ ಪಾತ್ರ, ಐದ ನಿಮಿಷ. ಸ್ಕ್ರಿಪ್ಟ್ ನೀವ ಹುಡುಕಬೇಕ್ರಿ. ನನಗ ನಾಳಿಯಿಂದ ಮತದಾರರ ಪಟ್ಟಿ ಕೆಲಸ ಹಚ್ಚ್ಯಾರ, ಸ್ಪರ್ಧಾ ದಿನಾನ ಬರ್ತೇನಿ. ಒಂದ ಮಾತ ನೆನಪಿಡ್ರಿ, ರಾಣಿ ಬ್ಯಾಡ! ಹೋದ ವರ್ಷ ಹದಿನಾಕ ಹುಡುಗ್ಯಾರಾಗ ಒಂಬತ್ತ ಮಂದಿ ಒನಕಿ ಹಿಡಕೊಂಡ ಬಂದಿದ್ರು, ನಾಕ ಮಂದಿ ಖಡ್ಗ. ತೀರ್ಪುಗಾರರು ಕುರ್ಚಿ ಹಿಂದಕ ಸರಿಸಿ ಕುಂತಿದ್ರು!"

ಟೀಚರ್ ಹೋದ ಮೇಲೆ ನೇತ್ರಾ ಅಜ್ಜಿಯ ಹತ್ತಿರ ಬಂದು, ಪಿಸುದನಿಯಲ್ಲಿ ಹೇಳಿದಳು: "ಆಯಿ, ಇದೊಂದ ಸಲ ಮಾಡ್ತೇನಿ. ಈ ಸಲಾನೂ ಬಾಯಿ ಬರಲಿಲ್ಲಂದ್ರ, ಮುಂದ ಸ್ಟೇಜ್ ಹತ್ತು ಅಂತ ನನಗ ಯಾರೂ ಹೇಳಬಾರದು. ನೀನೂ."

ಆ ಮಾತು ರಾಯವ್ವನ ಎದೆಗೆ ನಾಟಿತು. ಶಪಥ ಹುಟ್ಟಿದ್ದು ಅಲ್ಲಿಂದ.

ಮೊದಲು ಸುಜಾತಾ ಮೊಬೈಲಿನಲ್ಲಿ ಹುಡುಕಿದಳು. ಮೊದಲ ಸ್ಕ್ರಿಪ್ಟ್ ರಾಣಿಯದು. ಎರಡನೆಯದು ಇನ್ನೊಬ್ಬ ರಾಣಿಯದು, ಕುದುರೆ ಸಮೇತ. ಮೂರನೆಯದರಲ್ಲಿ ಒಂದು ಮರ ತನ್ನ ಕಥೆ ಹೇಳಿಕೊಳ್ಳುತ್ತಿತ್ತು.

"ಗಿಡ ಆಗಾಕ ನಾ ಒಲ್ಲೆ," ಎಂದಳು ನೇತ್ರಾ. "ಐದ ನಿಮಿಷ ಕೈ ಮ್ಯಾಲ ಎತ್ತಿದ್ರ ಬಗಲ ನೋಯ್ತೈತಿ."

ನಾಲ್ಕನೆಯದನ್ನು ಸುಜಾತಾ ಗಟ್ಟಿಯಾಗಿ ಓದತೊಡಗಿದಳು. ಒಬ್ಬ ವೃದ್ಧೆಯ ಅಳಲು. ಮಗನನ್ನು ಸಾಕಿದ್ದು, ಮಗನಿಗೆ ಮದುವೆ ಮಾಡಿದ್ದು, ಸೊಸೆ ಮನೆಗೆ ಬಂದದ್ದು... ಅಲ್ಲಿಗೆ ಸುಜಾತಾಳ ದನಿ ಸಣ್ಣದಾಯಿತು. ಇನ್ನೆರಡು ಸಾಲು ಮನಸ್ಸಿನಲ್ಲೇ ಓದಿದಳು. ಮೊಬೈಲನ್ನು ಬೋರಲು ಹಾಕಿದಳು.

"ಇದ ಬ್ಯಾಡ್ರಿ."

"ಯಾಕ? ಚಲೋ ಇತ್ತಲ್ಲ! ಸೊಸಿ ಬಂದ ಮ್ಯಾಲ ಮುಂದ ಏನಾತು? ಓದು!" ರಾಯವ್ವ ಮುಂದಕ್ಕೆ ಸರಿದು ಕುಳಿತಳು.

"ಚಾರ್ಜ್ ಮುಗೀತ್ರಿ," ಎಂದು ಸುಜಾತಾ ಎದ್ದು ಹೋದಳು. ಮೊಬೈಲಿನಲ್ಲಿ ಎಂಬತ್ತು ಪರ್ಸೆಂಟ್ ಇತ್ತು.

ಮರುದಿನ ರಾಯವ್ವ ಮುಂಜಾನೆಯ ಬಸ್ಸಿಗೆ ಗೋಕಾಕ ಮುಟ್ಟಿದಳು. ಪೇಟೆಯಲ್ಲಿ ಪುಸ್ತಕದ ಅಂಗಡಿ ಎಂದು ಬೋರ್ಡು ಹಾಕಿದವೆಲ್ಲ ಹತ್ತಿಳಿದಳು. ಒಬ್ಬ ಗೈಡು ತೋರಿಸಿದ, ಇನ್ನೊಬ್ಬ ಪಂಚಾಂಗ ತೋರಿಸಿದ. ಮೂರನೆಯ ಅಂಗಡಿಯವ ಮಾತ್ರ ಸಮಾಧಾನದ ಮನುಷ್ಯ. ಕನ್ನಡಕ ಏರಿಸಿ ಕೇಳಿದ:

"ನಾಟಕ ಬೇಕೇನ್ರಿ ಯವ್ವಾ? ತಗೋರಿ, ಇದ ಚಲೋ ಐತಿ. ಹನ್ನೊಂದ ಪಾತ್ರ."

"ಹತ್ತ ತಗದ ಒಂದ ಕೊಡ್ರಿ."

"ಹಂಗ ಬರಂಗಿಲ್ರಿ! ಇದೇನ ಬಾಳಿಗೊನಿ ಏನ್ರಿ, ಒಂದ ಮುರದ ಕೊಡಾಕ?"

"ನಮಗ ಒಂದ ಪಾತ್ರ ಸಾಕರಿ. ಉಳದ ಹತ್ತು ತಗೊಂಡ ನಾವೇನ ಮಾಡೂಣು? ಮನ್ಯಾಗ ಜಾಗಾ ಇಲ್ಲ."

ಅಂಗಡಿಯವ, ನಕ್ಕರೆ ಬೇಸರ ಮಾಡಿಕೊಂಡಾಳು ಎಂದು ಕೆಮ್ಮಿದ. ಆಮೇಲೆ ಒಂದು ಉಪಾಯ ಹೇಳಿದ: "ಹುಕ್ಕೇರಿಗೆ ಹೋಗ್ರಿ. ಅಲ್ಲೆ ಮೌಲಾಅಲಿ ಅಂತ ಟೇಲರ್ ಅದಾರ. ಪ್ರಾಯದಾಗ ಹಳ್ಳಿ ನಾಟಕದಾಗ ಹೆಣ್ಣಿನ ಪಾತ್ರ ಮಾಡ್ತಿದ್ರು. ಅವರ ಕಡೆ ಹಳೇವು ಒಂದ ಟ್ರಂಕ್ ತುಂಬ ಅದಾವು."

ರಾಯವ್ವ ಅಂದೇ ಹುಕ್ಕೇರಿಯ ಬಸ್ಸು ಹತ್ತಿದಳು. ಎರಡು ಕಡೆ ಇಳಿದು ಹತ್ತಿ, ಮಧ್ಯಾಹ್ನ ಎರಡೂವರೆಗೆ ಮೌಲಾಅಲಿಯವರ ಅಂಗಡಿಯ ಮುಂದೆ ನಿಂತಳು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಕೊರಳಲ್ಲಿ ಅಳತೆಪಟ್ಟಿ, ಬಾಯಲ್ಲಿ ಎರಡು ಗುಂಡುಪಿನ್ನು. ನಾಟಕ ಎಂಬ ಶಬ್ದ ಕೇಳಿದ್ದೇ ಪಿನ್ನು ಎರಡನ್ನೂ ಉಗುಳಿ ಎದ್ದುನಿಂತರು.

"ಬರ್ರಿ ಅಕ್ಕಾರ, ಬರ್ರಿ! ಯಾವ ನಾಟಕರಿ?"

"ಯಾವದಾದ್ರೂ ಆತ್ರಿ ಅಣ್ಣಾರ. ಒಬ್ಬರದ ಪಾರ್ಟು ಇರಬೇಕು. ಹೆಣ್ಣಿನದು."

"ಹೆಣ್ಣಿನ ಪಾರ್ಟು ಅಂದ್ರ ನನ್ನದ! ಮೇಲವಂಕ್ಯಾಗ ಹನ್ನೊಂದ ಸಲ ಗೌಡತಿ ಆಗೇನ್ರಿ ನಾ. ಒಮ್ಮಿ ಒಬ್ರು ನನ್ನ ಖರೇ ಗೌಡತಿ ಅಂತ ತಿಳದು ಕುಬಸದ ಅರಿವಿ ಕೊಟ್ಟ ಹೋಗಿದ್ರು!"

ಮಾತು ಮುಗಿಯುವ ಮೊದಲೇ ಗಿರಾಕಿಯ ಸೀರೆಯೊಂದನ್ನು ಹೆಗಲಿಗೆ ಇಳಿಬಿಟ್ಟು, ಸೆರಗು ಹಲ್ಲಲ್ಲಿ ಕಚ್ಚಿ, ಓರೆಗಣ್ಣು ಮಾಡಿ ಗೌಡತಿಯಾಗಿಬಿಟ್ಟರು. ಒಳಗಿನಿಂದ ಹೆಂಡತಿ ಸಾಯಿರಾ ಅವರ ದನಿ ಬಂತು: "ಮತ್ತ ಮಂದಿ ಸೀರಿ ಉಟ್ರೇನ್ರಿ? ಆ ಸೀರಿ ಫಾಲ್ ಹಚ್ಚಾಕ ಕೊಟ್ಟಿದ್ದೈತಿ, ಇಡ್ರಿ ತೆಳಗ!"

ಗೌಡತಿ ಗಪ್ಪನೆ ಟೇಲರ್ ಆದಳು. ಟ್ರಂಕು ತೆರೆದು ಹನ್ನೆರಡು ಹಾಳೆಯ ಒಂದು ವಹಿ ತೆಗೆದುಕೊಟ್ಟರು.

"ಇದ ನೋಡ್ರಿ ಗೌಡತಿ ಪಾರ್ಟು. ಉಳಿದವರದು ನಿಮಗ ಸಿಕ್ಕೈತಿಲ್ಲರಿ?"

"ಉಳದದ್ದು ಟೀಚರ್ ನೋಡ್ಕೋತಾರ್ರಿ," ಎಂದಳು ರಾಯವ್ವ, ಉಳಿದದ್ದೆಂದರೆ ಬಣ್ಣ, ಬಟ್ಟೆ, ಮೈಕು ಎಂದು ತಿಳಿದು.

ಹಳ್ಳಿ ನಾಟಕದ ಪದ್ಧತಿ ಬಲ್ಲವರಿಗೆ ಇಷ್ಟರಲ್ಲಿ ನಗು ಬಂದಿರಬೇಕು. ನಮ್ಮ ಕಡೆ ನಾಟಕದ ಪೂರ್ತಿ ಪುಸ್ತಕ ಕಲಿಸುವ ಮಾಸ್ತರರ ಹತ್ತಿರ ಒಂದೇ ಇರುತ್ತದೆ. ಪಾತ್ರ ಮಾಡುವವರಿಗೆ ಅವರವರ ಮಾತನ್ನಷ್ಟೇ ಒಂದೊಂದು ವಹಿಯಲ್ಲಿ ನಕಲು ಮಾಡಿ ಕೊಡುತ್ತಾರೆ. ಎದುರಿನವನ ಮಾತು ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯಲು ಅವನ ಕೊನೆಯ ಎರಡು ಶಬ್ದ ಕೆಂಪು ಮಸಿಯಲ್ಲಿ ಬರೆದಿರುತ್ತಾರೆ. ಆ ಬಾಲ ಕೇಳಿದ ಕೂಡಲೇ ಇವರು ತಮ್ಮ ಮಾತು ಎತ್ತಿಕೊಳ್ಳಬೇಕು. ಮೌಲಾಅಲಿಯವರು ಕೊಟ್ಟದ್ದು ಅಂಥ ವಹಿ. ಮೂಡಲಗಿಯಲ್ಲಿ ಯಾರೋ ನಾಟಕ ಎತ್ತಿದ್ದಾರೆ ಎಂದೇ ಅವರು ತಿಳಿದಿದ್ದರು. ರಾಯವ್ವ ಆಯುಷ್ಯವೆಲ್ಲ ನಾಟಕವನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿದವಳು. ಪರದೆಯ ಹಿಂದೆ ಹೋದವಳಲ್ಲ. ಒಂದೇ ವಹಿ, ಒಬ್ಬಳೇ ಗೌಡತಿ! ಇದಕ್ಕಿಂತ ಏಕಪಾತ್ರ ಇನ್ನೆಲ್ಲಿ ಸಿಕ್ಕೀತು?

ಸಂಜೆ ಮನೆಗೆ ಬಂದವಳೇ ವಹಿಯನ್ನು ಮಗ ಉಮೇಶನ ಕಣ್ಣ ಮುಂದೆ ಆಡಿಸಿದಳು. "ಎಂಟ ದಿನ ಅಂದಿದ್ದೆ. ಎರಡ ದಿನಕ್ಕ ತಂದೆ. ಉಳದ ಆರ ದಿನ ಏನ ಮಾಡ್ಲಿ?"

"ಸುಮ್ನ ಕುಂಡ್ರ ಯವ್ವಾ," ಎಂದ ಉಮೇಶ.

ಆಕೆ ಕೂಡ್ರಲಿಲ್ಲ. ತಾಲೀಮು ಶುರುವಾಯಿತು!

ರಾಯವ್ವ ಓದಿದ್ದು ಮೂರನೆಯ ಇಯತ್ತೆ. ಅಕ್ಷರವನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ಹಿಡಿದು ಓದುವವಳು. ಬೆರಳು ತೆಗೆದರೆ ಅಕ್ಷರ ಓಡಿಹೋದೀತು ಎಂಬಂತೆ. ಆದರೆ ಒಂದು ಅಕ್ಷರ ಬಿಡುವವಳಲ್ಲ. ವಹಿಯಲ್ಲಿ ಬರೆದದ್ದೆಲ್ಲ ಆಗಲೇಬೇಕು!

"ಆಯಿ, ಇಲ್ಲೆ ಕೆಂಪ ಮಸಿ ಯಾಕ ಐತಿ?" ನೇತ್ರಾ ಮೊದಲ ದಿನವೇ ಕೇಳಿದಳು.

ರಾಯವ್ವ ವಹಿಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ನಿರ್ಣಯಕ್ಕೆ ಬಂದಳು. "ಕೆಂಪಂದ್ರ ಸಿಟ್ಟು. ಕೆಂಪ ಅಕ್ಷರ ಬಂದಲ್ಲೆ ಕಣ್ಣ ತಗದು ಒದರಬೇಕು. ಕರಿ ಅಕ್ಷರ ಸಮಾಧಾನದಲೇ."

ಹಾಗಾಗಿ ಹನ್ನೆರಡು ವರ್ಷದ ಹುಡುಗಿ ಕಣ್ಣು ಕೆಕ್ಕರಿಸಿ "ಕೀಲಿಕೈ ಎಲ್ಲಿ!" ಎಂದು ಗರ್ಜಿಸಿ, ಕೂಡಲೇ ತಲೆ ಬಾಗಿಸಿ, "ನನಗೇನು ಗೊತ್ತು ಪ್ರಾಣನಾಥಾ? ಕಣಜ ನಿಮ್ಮದು, ಕೀಲಿ ನಿಮ್ಮದು, ಸಿಟ್ಟೂ ನಿಮ್ಮದು!" ಎನ್ನತೊಡಗಿದಳು. ಮತ್ತೆ ಇದ್ದಕ್ಕಿದ್ದಂತೆ "ಎಂಟು ಎಮ್ಮೆ!" ಎಂದು ಕೂಗಿ, ಹಿಂದೆಯೇ ಮೆಲ್ಲಗೆ, "ಅದೆಲ್ಲ ನಿಮ್ಮ ತೋಳಿನ ಬಲ. ಆದರೆ ಎಂಟು ಎಮ್ಮೆಯ ಸಗಣಿ ಬಳಿದದ್ದು ಈ ಕೈಗಳು!" ಎನ್ನುವಳು. ಮೂರನೆಯ ಕೆಂಪು ಎಲ್ಲಕ್ಕಿಂತ ಭಯಂಕರ. "ಮೀಸೆ ಬೋಳಿಸುತ್ತೇನೆ!" ಹಾದಿಯಲ್ಲಿ ಹೋಗುತ್ತಿದ್ದ ಹಾಲಿನವನು ಕೈಯಿಂದ ಮೀಸೆ ಮುಚ್ಚಿಕೊಂಡು ಸೈಕಲ್ ತುಳಿದ!

ಮೌಲಾಅಲಿಯವರು ತಮ್ಮ ನೆನಪಿಗೆಂದು ಅಲ್ಲಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡದ್ದೂ ಇತ್ತು. "ಇಲ್ಲಿ ಚೌರಿ ಜಗ್ಗಿ ನೋಡುವುದು." "ಇಲ್ಲಿ ಮೂಗುಬೊಟ್ಟು ಬಿದ್ದಿಲ್ಲವಷ್ಟೆ ಎಂದು ಮುಟ್ಟಿ ನೋಡುವುದು." ಗಂಡಸು ಸುಳ್ಳು ಕೂದಲು ಕಟ್ಟಿ ಹೆಣ್ಣಿನ ವೇಷ ಹಾಕಿದಾಗಿನ ಆತಂಕ ಅದು. ರಾಯವ್ವ ಅದನ್ನೂ ಬಿಡಲಿಲ್ಲ. ನೇತ್ರಾ ಮಾತಿನ ನಡುವೆ ತನ್ನ ಜಡೆ ಜಗ್ಗಿ ನೋಡಿದಳು, ಮೂಗು ಮುಟ್ಟಿ ನೋಡಿದಳು.

"ಅತ್ತಿ," ಸುಜಾತಾಳಿಗೆ ಅನುಮಾನ ಬಂತು. "ಇದ್ಯಾಕೋ ಅರ್ಧಾ ಅರ್ಧಾ ಐತ್ರಿ. ನಡುವ ಏನೋ ಬಿಟ್ಟಾಂಗ ಅನಸ್ತೈತಿ."

"ಕಲಾ ಅಂದ್ರ ಹಂಗ ಇರ್ತೈತಿ. ನಿನಗ ತಿಳಿಯೂದಿಲ್ಲ."

ನೇತ್ರಾಳಿಗೂ ಒಂದು ಸಂಶಯ. "ಆಯಿ, ಈ ಗೌಡತಿ ಯಾರ ಜೋಡಿ ಮಾತಾಡಾಕತ್ತಾಳ?"

"ಗಂಡನ ಜೋಡಿ."

"ಗಂಡ ಎಲ್ಲಿ ಅದಾನ?"

"ಅಲ್ಲೇ ಮನ್ಯಾಗ ಅದಾನ."

"ಮತ್ತ ಯಾಕ ಮಾತಾಡವಲ್ಲ?"

"ಗಂಡಂದ್ರು ಮಾತಾಡ್ತಾರೇನ? ನಿಮ್ಮಜ್ಜನೂ ಹಂಗ ಇದ್ರು. ಮೂವತ್ತೆಂಟ ವರ್ಷ ನಾ ಈ ಮನ್ಯಾಗ ಏಕಪಾತ್ರಾಭಿನಯನ ಮಾಡೇನಿ!"

ಸುಜಾತಾ ತಿರುಗಿ ಉಮೇಶನನ್ನು ನೋಡಿದಳು. ಅವನು ಮೊಬೈಲಿನಿಂದ ತಲೆ ಎತ್ತಿ, "ಹ್ಞಾಂ?" ಎಂದ.

"ಖರೇ ಐತ್ರಿ ಅತ್ತಿ," ಎಂದಳು ಸುಜಾತಾ. ಅಲ್ಲಿಗೆ ಅವಳ ಅನುಮಾನವೂ ತೀರಿತು.

ಹದಿನೈದು ದಿನ ತಾಲೀಮು ನಡೆಯಿತು. ಹುಡುಗಿ ಮನೆಯಲ್ಲಿ ಚೆನ್ನಾಗಿ ಹೇಳುತ್ತಿದ್ದಳು, ಕದ ಹಾಕಿದ್ದರೆ. ಯಾರಾದರೂ ಹೊರಗಿನವರು ಬಂದರೆ ದನಿ ಇಳಿಯುತ್ತಿತ್ತು. ರಾಯವ್ವ ಅದನ್ನು ಗಮನಿಸಿದ್ದಳು. ಮನಸ್ಸಿನಲ್ಲೇ ಬಸವಣ್ಣನನ್ನು ನೆನೆಯುತ್ತಿದ್ದಳು, ಬಾಯಲ್ಲಿ ಮಾತ್ರ ಏನೂ ಹೇಳುತ್ತಿರಲಿಲ್ಲ.

ಸ್ಪರ್ಧೆಯ ದಿನ ಗೋಕಾಕದ ಆ ಸಭಾಭವನ ತುಂಬಿತ್ತು. ಒಂದು ಕಡೆ ಒನಕೆಗಳು ಗೋಡೆಗೆ ಸಾಲಾಗಿ ಒರಗಿದ್ದವು. ಮದುವೆಮನೆಯ ಅಡುಗೆಗೆ ಬಂದ ಹೆಂಗಸರೆಲ್ಲ ಊಟಕ್ಕೆ ಹೋದಂತೆ! ಕಸ್ತೂರಿ ಟೀಚರ್ ಓಡುತ್ತಲೇ ಬಂದು ನೇತ್ರಾಳ ತಲೆ ನೇವರಿಸಿದರು.

"ಯಾವ ಸ್ಕ್ರಿಪ್ಟ್ ರಿ ಅಮ್ಮಾರ?"

"ಗೌಡತೀದ್ರಿ. ಹುಕ್ಕೇರಿಯಿಂದ ತಂದೇನಿ. ಎಲ್ಲೂ ಸಿಗದ ಮಾಲು," ಎಂದು ರಾಯವ್ವ ಮೀಸೆಯಿದ್ದಿದ್ದರೆ ತಿರುವುವವಳಂತೆ ಹೇಳಿ, ಮುಂದಿನ ಸಾಲಿನಲ್ಲಿ ವಹಿಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕುಳಿತಳು. ಎಲ್ಲಾದರೂ ತಪ್ಪಿದರೆ ಎತ್ತಿಕೊಡಬೇಕಲ್ಲ!

"ಸ್ಪರ್ಧಿ ಸಂಖ್ಯೆ ಒಂಬತ್ತು, ನೇತ್ರಾ!"

ನೇತ್ರಾ ಅಜ್ಜಿಯ ಇಳಕಲ್ ಸೀರೆ ಉಟ್ಟು ಬಂದು ನಿಂತಳು. ಎದುರಿಗೆ ನಾನೂರು ಮಂದಿ. ಮೂವರು ತೀರ್ಪುಗಾರರು. ಅವರ ಮುಂದೆ ಮೂರು ನೀರಿನ ಗ್ಲಾಸು. ಹುಡುಗಿಯ ಕಣ್ಣು ಗ್ಲಾಸಿನ ಮೇಲೆ ಬಿತ್ತು.

"ಕೀಲಿಕೈ ಎಲ್ಲಿ!"

ಮೊದಲ ತೀರ್ಪುಗಾರರು ಗಾಬರಿಯಾಗಿ ತಮ್ಮ ಕಿಸೆ ಮುಟ್ಟಿಕೊಂಡರು. ನೇತ್ರಾ ತಲೆ ಬಾಗಿಸಿದಳು. "ನನಗೇನು ಗೊತ್ತು ಪ್ರಾಣನಾಥಾ..." ದನಿ ನಡುಗುತ್ತಿತ್ತು, ಆದರೂ ಬರುತ್ತಿತ್ತು! ಜಡೆ ಜಗ್ಗಿದಳು. "ಎಂಟು ಎಮ್ಮೆ!" ಎಂದಳು. "...ಸಗಣಿ ಬಳಿದದ್ದು ಈ ಕೈಗಳು!" ಎಂದು ಕೈ ತೋರಿಸಿದಳು. ಮೂಗು ಮುಟ್ಟಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು, "ಇದೇನ ಲೇ? ಯಾರ ಎಮ್ಮಿ?" ಎಂದು ಕೇಳಿದರು. ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಿತು.

ಅಷ್ಟೇ. ನೇತ್ರಾ ನಿಂತುಬಿಟ್ಟಳು.

ಬಾಯಿ ತೆರೆದಿತ್ತು, ಮಾತಿಲ್ಲ. ಕೈ ಮೂಗಿನ ಮೇಲೇ ಉಳಿಯಿತು. ಕಣ್ಣು ಮೆಲ್ಲಗೆ ನೀರಿನ ಗ್ಲಾಸಿನ ಕಡೆ ಹೊರಳಿತು. ಕಸ್ತೂರಿ ಟೀಚರ್ ತುಟಿ ಕಚ್ಚಿದರು. ಸುಜಾತಾ ಸೆರಗಿನ ತುದಿ ಹಿಂಡಿದಳು.

ಎತ್ತಿಕೊಡುವ ಹೊತ್ತು ಬಂದಿತ್ತು! ರಾಯವ್ವ ವಹಿಯ ಮೇಲೆ ಬೆರಳು ಇಟ್ಟಳು. ಕೆಂಪು ಅಕ್ಷರ ಸಿಕ್ಕಿತು. "ಮೀ..." ಎಂದಳು. ಬೆರಳು ಸರಿಸಿದಳು. "ಸೆ... ಬೋ..." ಅಕ್ಷರಗಳು ನೀರಿನಲ್ಲಿ ಬಿದ್ದಂತೆ ಕದಡಿದವು, ಕಣ್ಣು ತುಂಬಿತ್ತು. ದಿನವೂ ಹತ್ತು ಸಲ ಕೇಳಿದ ಮಾತು ಆ ಗಳಿಗೆಗೆ ಆಕೆಯ ತಲೆಯಿಂದಲೂ ಎದ್ದು ಹೋಗಿತ್ತು. ಹುಡುಗಿಯ ಬಾಯಿ ಕಟ್ಟಿತು, ನನ್ನಿಂದ ಕಟ್ಟಿತು, ಇನ್ನು ಜನ್ಮಕ್ಕೆ ಬಿಚ್ಚಲಿಕ್ಕಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಆಗ ಸಭೆಯ ನಡುವಿನಿಂದ ಗುಡುಗೊಂದು ಎದ್ದಿತು.

"ಎಲೈ ಗೌಡತೀ! ಊರ ಮುಂದೆ ನಿಂತು ಹೇಳುತ್ತೇನೆ ಕೇಳು! ಆ ಕೀಲಿಕೈ ನಿನ್ನ ಸೆರಗಿನ ಗಂಟಿನಲ್ಲಿ ಸಿಗದಿದ್ದರೆ, ನಾನು ನನ್ನ ಮೀಸೆ ಬೋಳಿಸುತ್ತೇನೆ!"

ನಾನೂರು ತಲೆಗಳು ಅತ್ತ ತಿರುಗಿದವು. ಐದನೆಯ ಸಾಲಿನಲ್ಲಿ ಹಳದಿ ರುಮಾಲಿನ ಮುದುಕರೊಬ್ಬರು ಎದ್ದು ನಿಂತಿದ್ದರು. ಕೈ ಎತ್ತಿದ್ದರು. ಮೀಸೆ ನಿಜವಾಗಿಯೂ ಇತ್ತು. ಬೋಳಿಸಿದರೆ ಎರಡು ಗಂಟೆಯ ಕೆಲಸ.

ಅವರು ಮೇಲವಂಕಿಯ ಶೆಟ್ಟೆಪ್ಪ. ಮೊಮ್ಮಗಳ ಒನಕೆ ಹೊತ್ತುಕೊಂಡು ಸ್ಪರ್ಧೆಗೆ ಬಂದವರು. ಪ್ರಾಯದಲ್ಲಿ ಅದೇ ನಾಟಕದ ಗೌಡನ ಪಾತ್ರ ಮಾಡಿದವರು. "ಈ ಕೈಗಳು" ಎಂಬುದು ಅವರ ವಹಿಯಲ್ಲಿ ಕೆಂಪು ಮಸಿಯ ಬಾಲ! ಅದು ಕಿವಿಗೆ ಬಿದ್ದ ಮೇಲೆ ಮೂವತ್ತೈದು ವರ್ಷದ ಹಿಂದಿನ ಗೌಡ ಮೈಯೊಳಗೆ ಎದ್ದು ಕುಳಿತಿದ್ದ. ಎದುರು ಗೌಡತಿ ಸುಮ್ಮನೆ ನಿಂತು ಕಾಯುತ್ತಿದ್ದಾಳೆ; ಗೌಡನಾದವನು ಮಾತು ನುಂಗುವುದು ಹೇಗೆ?

ನೇತ್ರಾ ಬೆಚ್ಚಿದಳು. ಆದರೆ ಕೆಂಪು ಶಬ್ದ ಕಿವಿಗೆ ಬಿದ್ದಿತ್ತು. ಹದಿನೈದು ದಿನದ ಅಭ್ಯಾಸ ಅದು. ಕೆಂಪಿನ ಹಿಂದೆ ಕಪ್ಪು ಬಂದೇ ಬರಬೇಕು!

"ಬೇಡ ಪ್ರಾಣನಾಥಾ, ಬೇಡ! ಅದೊಂದನ್ನು ನೋಡಿಯೇ ನಾನು ಈ ಮನೆಗೆ ಬಂದದ್ದು!"

ಸಭೆ ಹೋ ಎಂದು ನಕ್ಕಿತು. ಆದರೆ ಇದು ಬೇರೆ ನಗು. ಹುಡುಗಿಗೆ ತಿಳಿಯಿತು. ಬೆನ್ನು ನೆಟ್ಟಗಾಯಿತು.

ಶೆಟ್ಟೆಪ್ಪನವರು ಮಂದಿಯ ಮೊಣಕಾಲು ದಾಟುತ್ತ ನಡುಹಾದಿಗೆ ಬಂದರು. "ಕಳ್ಳತನ ಮಾಡಿದವಳಿಗೆ ಈ ವಾಡೆಯಲ್ಲಿ ಜಾಗವಿಲ್ಲ. ಹೊರಗೆ ನಡಿ!" ಎಂದು ಬಾಗಿಲ ಕಡೆ ಬೆರಳು ಚಾಚಿದರು. ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಹೊರಗೆ ನಡೆದೇಬಿಟ್ಟ.

"ನಡೆಯುತ್ತೇನೆ!" ನೇತ್ರಾಳ ದನಿಗೆ ಮೈಕು ಕಿರುಗುಟ್ಟಿತು. "ಆದರೆ ಕೇಳಿ ಗೌಡರೇ! ಕೀಲಿಕೈ ತೆಗೆದದ್ದು ನಾನೇ. ಕಣಜ ತೆರೆದದ್ದು ನಾನೇ. ಹಸಿದು ಬಂದ ತಾಯಂದಿರ ಉಡಿಗೆ ಜೋಳ ಸುರಿದದ್ದೂ ನಾನೇ. ನಾನು ಹೊರಗೆ ನಡೆದರೆ ಈ ಮನೆಯ ಬಾಗಿಲಿಗೆ ನಾಳೆ ಅವರು ಬರುತ್ತಾರೆ. ಅವರ ಮುಖ ನೋಡಿ ಇಲ್ಲ ಎನ್ನುವ ಧೈರ್ಯ ನಿಮಗಿದ್ದರೆ, ಇಗೋ ಕೀಲಿಕೈ!"

ಸೆರಗಿನ ಗಂಟು ಬಿಚ್ಚಿ ಎಸೆದಳು. ಗಂಟಿನಲ್ಲಿ ಏನೂ ಇರಲಿಲ್ಲ. ಆದರೂ ಶೆಟ್ಟೆಪ್ಪನವರು ಗಾಳಿಯಲ್ಲಿ ಕೈ ಹಾಕಿ ಹಿಡಿದರು! ಐದು ನಿಮಿಷ ಮುಗಿದ ಗಂಟೆ ಬಡಿಯಿತು. ಯಾರೂ ಕೇಳಲಿಲ್ಲ. ಮುದುಕರು ರುಮಾಲು ತೆಗೆದು ಎದೆಗೆ ಒತ್ತಿ, "ಕ್ಷಮಿಸು ಗೌಡತೀ..." ಎಂದು ಮುಂದಿನ ಮಾತಿಗೆ ಉಸಿರೆಳೆದುಕೊಂಡರು.

ನೇತ್ರಾಳ ಪಾರ್ಟು ಮುಗಿದಿತ್ತು. ಕೆಂಪೂ ಇರಲಿಲ್ಲ, ಕಪ್ಪೂ ಇರಲಿಲ್ಲ. ಹುಡುಗಿ ಮೈಕಿಗೆ ಬಾಯಿ ಹತ್ತಿರ ತಂದಳು. ಯಾರೂ ಬರೆದುಕೊಡದ ಮಾತು ಹೇಳಿದಳು:

"ಕುಂಡ್ರಿ ಅಜ್ಜಾರ, ಗಂಟಿ ಹೊಡದೈತಿ!"

ಸಭಾಭವನ ಎದ್ದು ಚಪ್ಪಾಳೆ ತಟ್ಟಿತು. ರಾಯವ್ವ ಮಾತ್ರ ವಹಿಯಿಂದ ಗಾಳಿ ಹಾಕಿಕೊಳ್ಳುತ್ತ, ಅಳುತ್ತ, ನಗುತ್ತ ಕುಳಿತಳು. ಎದೆಯ ಮೇಲೆ ಕುಳಿತಿದ್ದ ಎಂಟೂ ಎಮ್ಮೆಗಳು ಒಟ್ಟಿಗೇ ಎದ್ದು ಹೋದಂ​ತಾಗಿತ್ತು.

ಇತ್ತ ತೀರ್ಪುಗಾರರಲ್ಲಿ ಜಗಳ ಹತ್ತಿತು.

"ಏಕಪಾತ್ರದಾಗ ಇಬ್ಬರು ಹೆಂಗ ಬಂದ್ರು?" ಎಂದು ಕಿರಿಯರೊಬ್ಬರು ನಿಯಮದ ಹಾಳೆ ತೆಗೆದರು.

"ಸ್ಟೇಜಿನ ಮ್ಯಾಲ ಒಬ್ಬಾಕೇ ಇದ್ಲಲ್ರಿ," ಎಂದರು ಹಿರಿಯರು. "ಪ್ರೇಕ್ಷಕರು ಮಾತಾಡಬಾರದು ಅಂತ ನಿಯಮದಾಗ ಎಲ್ಲೈತಿ, ತೋರಸ್ರಿ."

ನಿಯಮದಲ್ಲಿ ಇರಲಿಲ್ಲ. ಮುಂದಿನ ವರ್ಷದಿಂದ ಸೇರಿಸಬೇಕೆಂದು ಅಲ್ಲಿಯೇ ಬರೆದುಕೊಂಡರು.

ಅಷ್ಟರಲ್ಲಿ ಶೆಟ್ಟೆಪ್ಪನವರು ರಾಯವ್ವನ ಹತ್ತಿರ ಬಂದು ವಹಿ ನೋಡಿ ಕಣ್ಣರಳಿಸಿದರು. "ಇದ ಎಲ್ಲಿ ಸಿಕ್ತು ನಿಮಗ?"

"ಹುಕ್ಕೇರಿ ಮೌಲಾಅಲಿ ಅಣ್ಣಾರ ಕೊಟ್ರು."

"ಅಯ್ಯ ಶಿವನ, ನಮ್ಮ ಗೌಡತಿ! ಆರಾಮ ಅದಾಳೇನ್ರಿ?" ಎಂದು ಮುದುಕರು ಹಿಗ್ಗಿದರು. ಆಮೇಲೆ ವಹಿಯ ಗುಟ್ಟನ್ನು ಬಿಡಿಸಿ ಹೇಳಿದರು. ಕೆಂಪು ಅಕ್ಷರ ಸಿಟ್ಟಲ್ಲ, ಗೌಡನ ಮಾತಿನ ಬಾಲ. ಇದು ಪೂರ್ತಿ ನಾಟಕವಲ್ಲ, ನಾಟಕದ ಅರ್ಧ.

ರಾಯವ್ವ ಕೇಳಿದಳು. ಇನ್ನೊಮ್ಮೆ ಕೇಳಿದಳು. ಮೆಲ್ಲಗೆ ಸೊಸೆಯ ಕಡೆ ನೋಡಿದಳು. "ಕಲಾ ಅಂದ್ರ ಹಂಗ ಇರ್ತೈತ್ರಿ ಅತ್ತಿ," ಎಂದಳು ಸುಜಾತಾ.

"ಮೂಗುಬೊಟ್ಟು?" ರಾಯವ್ವ ಕೊನೆಯ ಆಸೆಯಿಂದ ಕೇಳಿದಳು.

"ಅದು ಮೌಲಾಅಲಿದು ಸಡ್ಲ ಇತ್ರಿ. ಒಮ್ಮಿ ನನ್ನ ಚಹಾದಾಗ ಬಿದ್ದಿತ್ತು."

ಸಂಜೆ ನಾಲ್ಕಕ್ಕೆ ಫಲಿತಾಂಶ ಬಂತು. ನೇತ್ರಾ ಎರಡನೆಯವಳು! ಕಸ್ತೂರಿ ಟೀಚರ್ ಹುಡುಗಿಯನ್ನು ತಬ್ಬಿಕೊಂಡರು. ಸಂಘದವರು ಅಂಕದ ಹಾಳೆಯನ್ನು ಗೋಡೆಗೆ ಅಂಟಿಸಿದರು. ಮಂದಿ ಮುಗಿಬಿದ್ದರು. ನೇತ್ರಾ ಎಲ್ಲರ ಸಂದಿಯಿಂದ ತೂರಿ ಮುಂದೆ ಹೋದಳು. ಎರಡು ತಾಸಿನಿಂದ ಆ ಬಾಯಿ ಮುಚ್ಚಿರಲಿಲ್ಲ. ಶೆಟ್ಟೆಪ್ಪನವರ ಮೊಮ್ಮಗಳಿಗೆ ಒನಕೆ ಹಿಡಿಯುವುದನ್ನು ಕಲಿಸಿದ್ದಳು, ವಾಚ್‌ಮನ್‌ನನ್ನು ಒಳಗೆ ಕರೆತಂದಿದ್ದಳು, ಹಿರಿಯ ತೀರ್ಪುಗಾರರ ಊರು ಕೇಳಿದ್ದಳು.

"ಆಯಿ! ಬಾ ಇಲ್ಲೆ!" ನೇತ್ರಾ ಕೂಗಿ ಓದತೊಡಗಿದಳು. "ಅಭಿನಯ, ಹತ್ತಕ್ಕ ಒಂಬತ್ತ! ಧ್ವನಿ, ಹತ್ತಕ್ಕ ಹತ್ತ! ಸಭಾಧೈರ್ಯ, ಹತ್ತಕ್ಕ ಹತ್ತ!"

ರಾಯವ್ವ ಸುತ್ತಲಿನವರನ್ನೆಲ್ಲ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ರಾಣಿಯಂತೆ ಮುಂದೆ ಬಂದಳು. "ಮತ್ತ ಮುಂದ? ಓದು, ಓದು. ಎಲ್ಲಾರೂ ಕೇಳ್ಲಿ. ಇನ್ನೊಂದ ಕಾಲಮ್ ಐತಲ್ಲ?"

"ಸ್ಕ್ರಿಪ್ಟ್ ಆಯ್ಕೆ!" ಹುಡುಗಿಯ ದನಿ ಬಾಗಿಲು ದಾಟಿ ಬೀದಿಯವರೆಗೆ ಹೋಯಿತು. "ಮೊದಲನೇ ತೀರ್ಪುಗಾರರು, ಸೊನ್ನಿ! ಎರಡನೇದವರು, ಸೊನ್ನಿ! ಮೂರನೇದವರೂ ಸೊನ್ನಿ! ಆಯಿ, ಇದು ನನ್ನ ಮಾರ್ಕ್ಸ್ ಅಲ್ಲ, ನಿನ್ನ ಮಾರ್ಕ್ಸ್! ಇದರಾಗ ನಾಕ ಬಂದಿದ್ರ ನಾನ ಫಸ್ಟ್!"

ಮಂದಿಯೆಲ್ಲ ರಾಯವ್ವನ ಕಡೆ ತಿರುಗಿದರು. ಸುಜಾತಾ ಸೆರಗಿನಲ್ಲಿ ಮುಖ ಮುಚ್ಚಿ ನಗತೊಡಗಿದಳು. ರಾಯವ್ವ ಎರಡು ಹೆಜ್ಜೆ ಹಾರಿ ಬಂದು ಮೊಮ್ಮಗಳ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಸಾಕ ನಮ್ಮವ್ವಾ! ಕೈ ಮುಗೀತೇನಿ, ಸ್ವಲ್ಪ ಸಣ್ಣಕ ಓದು!"